ಗಾಲಿಕುರ್ಚಿಯೂ ಧಾರೆ ಮಂಟಪ ಏರಲಿ

“ವೇದಿಕೆ ಹತ್ತಿಸೋಕೇನು, ನಾಲ್ಕು ಹುಡುಗರು ಎತ್ತಿಬಿಡ್ತಾರೆ.” ಮದುವೆ ಮನೆಯಲ್ಲಿ ಗಾಲಿಕುರ್ಚಿಯ ವಿಷಯ ಬಂದರೆ ಮೊದಲು ಕೇಳಿಬರುವ ಮಾತು ಇದೇ. ಈ ಉಪಾಯವನ್ನು ಇವತ್ತೇ ಕೈಬಿಡಿ. ಎತ್ತುವವರು ಹಿಡಿಯುವುದು ಕುರ್ಚಿಯ ಕೈಗಳನ್ನು, ಇಲ್ಲವೇ ಪಾದ ಇಡುವ ಹಲಗೆಯನ್ನು. ಬಹಳಷ್ಟು ಕುರ್ಚಿಗಳಲ್ಲಿ ಇವೆರಡೂ ಕಳಚಿ ಬರುವಂಥವು. ಬ್ಯಾಟರಿ ಕುರ್ಚಿಯ ಭಾರವಂತೂ ಮೆಟ್ಟಿಲ ಮೇಲೆ ಎತ್ತುವಂಥದ್ದಲ್ಲ. ರೇಷ್ಮೆ ಸೀರೆ ಉಟ್ಟು ಬಂದ ಹಿರಿಯರನ್ನು ಬಂಧುಬಳಗದ ಮುಂದೆ ಮೂಟೆಯಂತೆ ಹೊತ್ತರೆ ಅವರಿಗಾಗುವ ಸಂಕೋಚವನ್ನೂ ಯೋಚಿಸಿ.

ಛತ್ರ ಗೊತ್ತು ಮಾಡುವ ಮೊದಲೇ ಬರುವವರನ್ನು ಕೇಳಿಕೊಳ್ಳಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅವುಗಳಲ್ಲಿ ಹಲವು ನೋಡಿದ ತಕ್ಷಣ ಗೊತ್ತಾಗುವುದಿಲ್ಲ. “ನಿಮಗೆ ಏನು ಅನುಕೂಲ ಬೇಕು?” ಎಂದು ನೇರವಾಗಿ ಅವರನ್ನೇ ಕೇಳಿ, ಜೊತೆಗೆ ಬರುವವರನ್ನಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬರೀ ಚಿತ್ರದ ಆಮಂತ್ರಣ ಕಳಿಸಿದರೆ ದೃಷ್ಟಿ ಇಲ್ಲದವರ ಫೋನ್ ಅದನ್ನು ಸರಿಯಾಗಿ ಓದಿ ಹೇಳುವುದು ಕಷ್ಟ. ಮುಹೂರ್ತ, ವಿಳಾಸ, ಲೊಕೇಶನ್ ಅಕ್ಷರದಲ್ಲೂ ಇರಲಿ.

ಛತ್ರ ನೋಡಲು ಹೋಗುವಾಗ ಅಳತೆ ಟೇಪು ಒಯ್ಯಿರಿ. “ಎಲ್ಲಾ ಗ್ರೌಂಡ್ ಫ್ಲೋರೇ ಸಾರ್” ಎಂಬ ಮ್ಯಾನೇಜರ್ ಮಾತು ನಂಬಬೇಡಿ. ಹೊಸ್ತಿಲು, ಎರಡು ಮೆಟ್ಟಿಲು, ನೆಲಮಾಳಿಗೆಯ ಊಟದ ಹಾಲ್ ಅವರ ಲೆಕ್ಕಕ್ಕೇ ಬರುವುದಿಲ್ಲ. ಸಾಮಾನ್ಯ ಗಾಲಿಕುರ್ಚಿಯ ಅಗಲ ಸುಮಾರು 25ರಿಂದ 27 ಇಂಚು, ಚಕ್ರ ತಳ್ಳುವ ಕೈಗೂ ಜಾಗ ಬೇಕು. ಬಾಗಿಲು ಪೂರ್ತಿ ತೆರೆದಾಗ 32 ಇಂಚು ಸಿಗಲೇಬೇಕು, 36 ಇದ್ದರೆ ನಿರಾಳ. ಲಿಫ್ಟ್ ಇದ್ದರೆ ಅದು ಜನರೇಟರ್‌ನಲ್ಲೂ ಓಡುತ್ತದೆಯೇ ಎಂದು ಓಡಿಸಿಯೇ ನೋಡಿ.

ಎಲ್ಲರೂ ಎಡವುವುದು ವೇದಿಕೆಯ ಇಳಿಜಾರಿನಲ್ಲಿ, ಅಂದರೆ ರ‍್ಯಾಂಪ್‌ನಲ್ಲಿ. ಲೆಕ್ಕ ಸರಳ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಎರಡು ಅಡಿ ವೇದಿಕೆಗೆ 24 ಅಡಿ. ಶಾಮಿಯಾನದವರು ಎಂಟು ಅಡಿ ಹಲಗೆ ಒರಗಿಸಿ “ಆಯ್ತು” ಅನ್ನುತ್ತಾರೆ. ಅದು ಸಾಮಾನು ತಳ್ಳುವ ಇಳಿಜಾರು. ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಇಳಿಯುವಾಗ ಕೂತವರು ಮುಂದಕ್ಕೆ ಜಾರುತ್ತಾರೆ. ಆನ್‌ಲೈನ್‌ನಲ್ಲಿ ಸಿಗುವ ನಾಲ್ಕು ಅಡಿಯ ಮಡಚುವ ಅಲ್ಯೂಮಿನಿಯಂ ರ‍್ಯಾಂಪ್ ಹೊಸ್ತಿಲಿಗೆ ಸರಿ, ವೇದಿಕೆಗೆ ಅಲ್ಲ.

ಪ್ಲೈವುಡ್ ಹಾಳೆ 8×4 ಅಡಿ ಬರುತ್ತದೆ. ಮೂರು ಹಾಳೆ ಉದ್ದಕ್ಕೆ ಜೋಡಿಸಿದರೆ 24 ಅಡಿ ಉದ್ದ, ನಾಲ್ಕು ಅಡಿ ಅಗಲ ತಾನಾಗಿಯೇ ಸಿಗುತ್ತದೆ. 19 ಎಂಎಂ ದಪ್ಪವನ್ನೇ ಕೇಳಿ. 12 ಎಂಎಂ ಹಾಕಿ ಉಳಿತಾಯ ಮಾಡಿದರೆ ಚಕ್ರದ ಕೆಳಗೆ ಹಾಳೆ ಬಾಗುತ್ತದೆ. ಒಂದೊಂದು ಅಡಿಗೆ ಅಡ್ಡಪಟ್ಟಿಯ ಆಧಾರ ಇರಲಿ, ಹಾಳೆಗಳು ಸೇರುವ ಜಾಗದಲ್ಲಿ ಕಡ್ಡಾಯವಾಗಿ. ಕೆಳತುದಿಯಲ್ಲಿ ಪ್ಲೈವುಡ್ಡಿನ ದಪ್ಪ ಹಾಗೇ ಬಿಟ್ಟರೆ ಮುಂದಿನ ಪುಟ್ಟ ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತದೆ. ಅಂಚನ್ನು ಓರೆಯಾಗಿ ಕೆತ್ತಿಸಿ, ಮೇಲೆ ತೆಳು ತಗಡು ಹೊಡೆಸಿ. ಚಕ್ರ ಪಕ್ಕಕ್ಕೆ ಜಾರದಂತೆ ಎರಡೂ ಅಂಚಿಗೆ ಎರಡಿಂಚಿನ ಪಟ್ಟಿ, ಅದರ ಹೊರಗೆ ಎರಡೂವರೆಯಿಂದ ಮೂರು ಅಡಿ ಎತ್ತರದ ಹಿಡಿಕೆ. ಹಿಡಿಕೆಗೆ ಹೂವು ಸುತ್ತಿಸಬೇಡಿ, ಕೈಗೆ ಹಿಡಿತ ಸಿಗುವುದಿಲ್ಲ. ಮೆತ್ತನೆಯ ಕೆಂಪು ಕಾರ್ಪೆಟ್ ಬೇಡವೇ ಬೇಡ. ಅದರಲ್ಲಿ ಚಕ್ರ ಹೂತುಕೊಳ್ಳುತ್ತದೆ, ಸುಕ್ಕು ಬಿದ್ದರೆ ಊರುಗೋಲು ಸಿಕ್ಕಿಕೊಳ್ಳುತ್ತದೆ. ಅಕ್ಷತೆ ಬಿದ್ದ ಪ್ಲೈವುಡ್ ವಿಪರೀತ ಜಾರುವುದರಿಂದ ಪೊರಕೆ ಹಿಡಿದ ಒಬ್ಬರು ಅಲ್ಲೇ ಇರಬೇಕು. ಹಿಂದಿನ ರಾತ್ರಿ ಖಾಲಿ ಕುರ್ಚಿಯಲ್ಲಿ ಪರೀಕ್ಷಿಸಿದರೆ ಸಾಲದು, ಜನ ಕೂತು ಹತ್ತಿ ಇಳಿಯಬೇಕು.

ಅಷ್ಟು ಜಾಗವಿಲ್ಲವೇ? ಹಾಗಾದರೆ ವೇದಿಕೆಯನ್ನೇ ಮರೆತು ಹಾಲ್‌ನ ನೆಲದ ಮೇಲೆ ಆರು ಇಂಚು ಎತ್ತರದ ಮಂಟಪ ಕಟ್ಟಿಸಿ. ಆರು ಅಡಿ ಇಳಿಜಾರಿನಲ್ಲಿ ಕೆಲಸ ಮುಗಿಯುತ್ತದೆ. ಹಿಂದೆ ಕೂತವರಿಗೆ ಕಾಣುವುದಿಲ್ಲ ಎಂದು ಫೋಟೊದವರು ಗೊಣಗುತ್ತಾರೆ, ಒಂದು ಎಲ್‌ಇಡಿ ಪರದೆ ಹಾಕಿಸಿ. ನನ್ನನ್ನು ಕೇಳಿದರೆ ಎಲ್ಲ ಮದುವೆಗಳಿಗೂ ಇದೇ ಒಳ್ಳೆಯ ದಾರಿ. ರ‍್ಯಾಂಪ್ ಕಟ್ಟಿಸುವುದೇ ಆದರೆ ಅದು ಅಡುಗೆಮನೆಯ ಹಿಂದೆ ಬೇಡ, ಎಲ್ಲರೂ ಹತ್ತುವ ಬದಿಯಲ್ಲೇ ಇರಲಿ. ಮಂಡಿನೋವಿನ ಅಜ್ಜಿಯರೂ ಅದರಲ್ಲೇ ಬರುತ್ತಾರೆ.

ವಧುವೋ ವರನೋ ಗಾಲಿಕುರ್ಚಿಯವರಾದರೆ ಪುರೋಹಿತರ ಜೊತೆ ವಾರ ಮುಂಚೆಯೇ ಕೂತು ಮಾತಾಡಿ. ಒಬ್ಬರು ಹಸೆಮಣೆಯಲ್ಲಿ, ಒಬ್ಬರು ಎತ್ತರದಲ್ಲಿ ಬೇಡ. ಇಬ್ಬರಿಗೂ ಸಮ ಎತ್ತರದ ಆಸನವಿರಲಿ, ಹೋಮಕುಂಡ ಇಟ್ಟಿಗೆಯ ಗಟ್ಟಿ ಕಟ್ಟೆಯ ಮೇಲೆ ಬರಲಿ. ಸಪ್ತಪದಿಯ ಏಳು ಅಕ್ಕಿ ಗುಡ್ಡೆಗಳನ್ನು ಒಂದೇ ನೇರ ಸಾಲಿನಲ್ಲಿಟ್ಟರೆ ಚಕ್ರ ಪಕ್ಕದಲ್ಲೇ ಉರುಳುತ್ತದೆ. ಸೆರಗು, ಶಲ್ಯ ಚಕ್ರಕ್ಕೆ ಸಿಗದಂತೆ ಪಿನ್ ಹಾಕಿ.

ಊಟದ ಪಂಕ್ತಿಯಲ್ಲಿ ಪ್ರತಿ ಸಾಲಿನ ತುದಿಯ ಒಂದು ಕುರ್ಚಿ ತೆಗೆದಿಡಿ. ಮೇಜಿನ ಕೆಳಗೆ ಮಂಡಿಗೆ 27 ಇಂಚು ಎತ್ತರ ಖಾಲಿ ಇರಬೇಕು. ದೃಷ್ಟಿ ಇಲ್ಲದವರ ಎಲೆಗೆ ಬಡಿಸುವವರು ಏನನ್ನು, ಎಲ್ಲಿ ಹಾಕಿದೆ ಎಂದು ಹೇಳುತ್ತಾ ಹೋಗಲಿ. ಬಿಸಿ ಸಾರನ್ನು ಹೇಳದೆ ಸುರಿಯಬಾರದು, ದೊನ್ನೆಯಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು.

ಕಿವಿ ಕೇಳದವರಿಗೆ ಸಂಜ್ಞಾ ಭಾಷೆಯ ಅನುವಾದಕರನ್ನು ಕರೆಸುವುದಾದರೆ ಇಬ್ಬರು ಬೇಕು. ಅರ್ಧ ಗಂಟೆಗಿಂತ ಹೆಚ್ಚು ಒಬ್ಬರೇ ಮಾಡುವುದು ಕಷ್ಟ. ಅವರ ಮುಖ, ಕೈ ಮೇಲೆ ಬೆಳಕಿರಲಿ. ಗದ್ದಲ ತಾಳದ ಆಟಿಸಂ ಮಕ್ಕಳಿಗೆ ಓಲಗದಿಂದ ದೂರದ ಒಂದು ಕೋಣೆ ಬಿಡಿಸಿ, ಗಟ್ಟಿಮೇಳಕ್ಕೆ ಐದು ನಿಮಿಷ ಮುಂಚೆ ಹೆತ್ತವರಿಗೆ ತಿಳಿಸಿ.

ಶೌಚಾಲಯವನ್ನು ಕೊನೆಯ ದಿನಕ್ಕೆ ಬಿಡಬೇಡಿ. ನೆಲಮಹಡಿಯಲ್ಲಿ ವೆಸ್ಟರ್ನ್ ಕಮೋಡ್ ಇರುವ ಒಂದು ಕೋಣೆಯನ್ನು ಬೀಗರಿಗೆ ಕೊಡದೆ ಇದಕ್ಕೇ ಮೀಸಲಿಡಿ. ಬಾಗಿಲು ಇಕ್ಕಟ್ಟಾದರೆ ಕದ ಕಳಚಿಸಿ ದಪ್ಪ ಪರದೆ ಕಟ್ಟಿಸಿ, ಒಂದೆರಡು ಇಂಚು ಸಿಗುತ್ತದೆ. ಕಮೋಡ್ ಇಲ್ಲದಿದ್ದರೆ ವೈದ್ಯಕೀಯ ಉಪಕರಣದ ಅಂಗಡಿಗಳಲ್ಲಿ ಕಮೋಡ್ ಕುರ್ಚಿ ಬಾಡಿಗೆಗೆ ಕೇಳಿ. ಕೋಣೆಯ ಕೀಲಿ ಯಾರ ಹತ್ತಿರ ಇದೆ ಎಂಬುದನ್ನು ಬಾಗಿಲ ಮೇಲೇ ಬರೆದು ಅಂಟಿಸಿ.