ಫಿಲ್ಟರ್ ಕಾಫಿಗೆ ತಕ್ಕ ಕಪ್: ನಾನು ಮಾಡುವ ಬಗೆ

ನಾನು ಮಾಡುವ ಕಪ್ಪಿಗೆ ಕಂಠಮಟ್ಟ ತುಂಬಿದರೆ 150 ಮಿ.ಲೀ. ಹಿಡಿಯುತ್ತದೆ. ಕಾಫಿ ಹಾಕುವುದು 120 ಮಿ.ಲೀ. ಅಷ್ಟೆ. 350 ಮಿ.ಲೀ. ಮಗ್ ಎಲ್ಲರೂ ಮಾಡುತ್ತಾರೆ. ಅದಕ್ಕೆ ನಮ್ಮ ಮನೆ ಕಾಫಿ ಹಾಕಿದರೆ ತಳದಲ್ಲೆಲ್ಲೋ ಕೂತಿರುತ್ತದೆ. ಬೆಂಗಳೂರಿನಲ್ಲಿ ನಮ್ಮ ಮನೆ ತಾರಸಿಗೆ ಶೀಟ್ ಹಾಕಿಸಿ, ಅದರ ಕೆಳಗೆ ಕರೆಂಟಿನ ತಿಗರಿ ಮತ್ತು ಒಂದು ಸಣ್ಣ ಕಿಲ್ನ್ (ಮಣ್ಣಿನ ಪಾತ್ರೆ ಸುಡುವ ಕುಲುಮೆ) ಇಟ್ಟುಕೊಂಡಿದ್ದೇನೆ. ಚಿಕ್ಕ ಕಪ್ ಸುಲಭ ಅಂತ ಅನ್ನಿಸುತ್ತೆ, ಅಲ್ವಾ? ದೊಡ್ಡ ಮಗ್ಗಿನಲ್ಲಿ ಹೇಗೋ ನಡೆದುಹೋಗುವ ತೂಕ, ಅಂಚು, ಹಿಡಿ ಎಲ್ಲವೂ ಇದರಲ್ಲಿ ಎದ್ದು ಕಾಣುತ್ತದೆ.

ಮೊದಲು ಮಣ್ಣು. "ನಮ್ಮ ಕೆರೆ ಮಣ್ಣಲ್ಲೇ ಮಾಡಬಾರದಾ?" ಅಂತ ತುಂಬಾ ಜನ ಕೇಳುತ್ತಾರೆ. ಮಾಡಬಹುದು, ಆದರೆ ಅದು ಬೇರೆಯೇ ಸಾಮಾನು. ಮಡಕೆ ಮಣ್ಣು ಆವಿಗೆಯಲ್ಲಿ ಬೇಯುವುದು ಹೆಚ್ಚು ಕಡಿಮೆ 700ರಿಂದ 900 ಡಿಗ್ರಿಯಲ್ಲಿ. ಬೆಂದ ಮೇಲೂ ಅದರ ಮೈಯಲ್ಲಿ ಸಣ್ಣ ಸಣ್ಣ ರಂಧ್ರ ಉಳಿದಿರುತ್ತವೆ. ಹೂಜಿಯ ನೀರು ತಣ್ಣಗಿರುವುದು ಅದರಿಂದಲೇ. ನೀರು ಹೊರಗೆ ಜಿನುಗಿ ಆರುವಾಗ ಒಳಗಿನ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಹಾಲು ಹಾಕಿದ ಕಾಫಿಗೆ ಆ ರಂಧ್ರ ಒಳ್ಳೆಯದಲ್ಲ. ಜಿಡ್ಡು ಒಳಗೆ ಸೇರಿಕೊಂಡು ವಾಸನೆ ಬರುತ್ತದೆ. ಹಾಗಂತ ಕೆಂಪು ಮಣ್ಣನ್ನೇ 1,200 ಡಿಗ್ರಿ ದಾಟಿಸಿದರೆ, ಅದರಲ್ಲಿರುವ ಕಬ್ಬಿಣದ ಅಂಶ ಮಣ್ಣನ್ನು ಬೇಗ ಕರಗಿಸಿ, ಪಾತ್ರೆ ಉಬ್ಬಿ ಕುಸಿಯುತ್ತದೆ. ಅದಕ್ಕೇ ಸ್ಟೋನ್‌ವೇರ್ ಮಣ್ಣು, ಅಂದರೆ ಅಷ್ಟು ಬಿಸಿಯಲ್ಲೂ ಕುಸಿಯದೆ, ರಂಧ್ರ ಮುಚ್ಚಿ ಗಟ್ಟಿಯಾಗುವ ಮಣ್ಣು. ನಾನು ತಯಾರಾದ ಮಣ್ಣನ್ನೇ ಚೀಲದಲ್ಲಿ ತರಿಸುತ್ತೇನೆ. ಮನೆಯಲ್ಲೇ ಪುಡಿ ಕಲಸುವುದಾದರೆ ಮಾಸ್ಕ್ ಕಡ್ಡಾಯ. ಒಣಗಿದ ಮಣ್ಣನ್ನು ಗುಡಿಸಲೇಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ.

ನನ್ನ ಮಣ್ಣು ಹಸಿಯಿಂದ ಪೂರ್ತಿ ಬೇಯುವಷ್ಟರಲ್ಲಿ ಶೇ. 12ರಷ್ಟು ಕುಗ್ಗುತ್ತದೆ. ಕೇಳಲು ಕಮ್ಮಿ ಅನ್ನಿಸುತ್ತದೆ. ಆದರೆ ಅದು ಉದ್ದ, ಅಗಲ, ಎತ್ತರ ಮೂರಕ್ಕೂ ಅನ್ವಯ. 0.88 ಅನ್ನು ಮೂರು ಸಲ ಗುಣಿಸಿ ನೋಡಿ, 0.68 ಬರುತ್ತದೆ. ಅಂದರೆ ಹಿಡಿಯುವ ಅಳತೆಯಲ್ಲಿ ಮೂರನೇ ಒಂದು ಪಾಲು ಹತ್ತಿರ ಹತ್ತಿರ ಹೋಗಿಬಿಡುತ್ತದೆ. ಹಾಗಾಗಿ 150 ಮಿ.ಲೀ. ಬೇಕಾದರೆ ಹಸಿಯಲ್ಲಿ 220 ಮಿ.ಲೀ. ಹಿಡಿಯುವಂತೆ ಎತ್ತಬೇಕು. ಒಳಗಿನ ಅಗಲವೂ ಎತ್ತರವೂ ಆರೂವರೆ ಸೆಂ.ಮೀ.ಗಿಂತ ಒಂದು ಕೂದಲೆಳೆ ಜಾಸ್ತಿ. ತಿಗರಿ ಮೇಲೆ ಅದು ದೊಡ್ಡದಾಯಿತು ಅಂತಲೇ ಕಾಣುತ್ತದೆ. ಕಣ್ಣನ್ನು ನಂಬದೆ ಅಳತೆ ಕಡ್ಡಿ ಇಟ್ಟು ನೋಡುತ್ತೇನೆ.

ಮಣ್ಣು ನಾದುವುದು, ತಿಗರಿಯ ನಡುವಿಗೆ ತರುವುದು, ಇವನ್ನು ಬರೆದು ಹೇಳಿ ಪ್ರಯೋಜನವಿಲ್ಲ. ಯಾರದಾದರೂ ಪಕ್ಕದಲ್ಲಿ ಕೂತು ಕಲಿಯಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರವಿದೆ. ಬೆಂಗಳೂರಿನಲ್ಲಿ ಕಲಿಸುವ ಸ್ಟುಡಿಯೋಗಳೂ ಬೇಕಾದಷ್ಟಿವೆ. ಒಂದು ಮಾತು ಮಾತ್ರ ಹೇಳುತ್ತೇನೆ. ಬಾಯಿ ತೆರೆದ ಮೇಲೆ ತಳವನ್ನು ಬೆರಳಿನಿಂದ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಚೆನ್ನಾಗಿ ಒತ್ತಿ. ಒತ್ತದ ತಳದಲ್ಲಿ ಒಣಗುವಾಗ ಎಸ್ ಆಕಾರದ ಬಿರುಕು ಬೀಳುತ್ತದೆ.

ಗೋಡೆ ಎಷ್ಟು ದಪ್ಪ ಇರಬೇಕು? ಇಲ್ಲಿ ನನಗೊಂದು ಹಟವಿದೆ. ಕಾಫಿ ತಣ್ಣಗಾಗಬಾರದು ಅಂತ ದಪ್ಪ ಕಪ್ ಮಾಡುವವರು ಇದ್ದಾರೆ. ಸಣ್ಣ ಕಪ್ಪಿನಲ್ಲಿ ಅದು ಉಲ್ಟಾ. ಕಪ್ಪೇ ಮೊದಲು ಬಿಸಿ ಕುಡಿಯುತ್ತದೆ. 80 ಡಿಗ್ರಿಯ 120 ಮಿ.ಲೀ. ಕಾಫಿಯನ್ನು 25 ಡಿಗ್ರಿಯಲ್ಲಿರುವ 250 ಗ್ರಾಂ ಕಪ್ಪಿಗೆ ಹಾಕಿ, ಎರಡೂ ಒಂದೇ ಬಿಸಿಗೆ ಬಂದವು ಅಂತ ಲೆಕ್ಕ ಹಾಕಿದರೆ, ಕಾಫಿ 64 ಡಿಗ್ರಿಗೆ ಇಳಿದಿರುತ್ತದೆ. 150 ಗ್ರಾಂ ಕಪ್ ಆದರೆ 69. ನಾಲಿಗೆಗೆ ಆ ಐದು ಡಿಗ್ರಿ ಗೊತ್ತಾಗುತ್ತದೆ. ಅದಕ್ಕೇ ನಾನು ಹಸಿ ಮಣ್ಣು 200 ಗ್ರಾಂ ತೂಗಿ ಉಂಡೆ ಮಾಡುತ್ತೇನೆ. ಗೋಡೆ ನಾಲ್ಕು ಮಿ.ಮೀ. ದಾಟಲು ಬಿಡುವುದಿಲ್ಲ. ಕೊಂಡವರಿಗೂ ಹೇಳುತ್ತೇನೆ, ಕಾಫಿಗೆ ಮುಂಚೆ ಒಂದು ಸುತ್ತು ಬಿಸಿನೀರು ಆಡಿಸಿ ಚೆಲ್ಲಿ ಅಂತ.

ಅಂಚಿನ ಪಾಠ ನನಗೆ ಆಗಿದ್ದು ಅಮ್ಮನಿಂದ. ಅಮ್ಮ ಲೋಟವನ್ನು ಕಚ್ಚಿ ಕುಡಿದವರಲ್ಲ, ಎತ್ತಿಯೇ ಕುಡಿಯುವುದು. ನಮ್ಮ ಸ್ಟೀಲ್ ಲೋಟದ ಅಂಚು ಹೊರಗೆ ಬಾಗಿರುತ್ತದೆ ನೋಡಿ, ಎತ್ತಿ ಹಾಕಿಕೊಂಡಾಗ ಕಾಫಿ ಒಂದೇ ಧಾರೆಯಾಗಿ ಬೀಳಲು ಅದರಿಂದ ಅನುಕೂಲ. "ನಿನ್ನ ಕಪ್ಪಲ್ಲಿ ಎತ್ತಿ ಕುಡಿದರೆ ಗದ್ದಕ್ಕೆ ಸುರಿಯತ್ತೆ ಕಣೋ" ಅಂದರು. ಆಮೇಲಿಂದ ನನ್ನ ಕಪ್ಪಿನ ಬಾಯಿ ತುಸು ಹೊರಗೆ ಬಾಗಿದೆ. ಕಚ್ಚಿ ಕುಡಿಯುವವರಿಗೂ ಅದು ಹಿತ, ಕೆಳತುಟಿ ಅದರ ಮೇಲೆ ಸರಿಯಾಗಿ ಕೂರುತ್ತದೆ. ಕೊನೆಗೆ ಹಾಲಿನ ಪ್ಯಾಕೆಟ್ಟಿನ ಒಂದು ಪಟ್ಟಿಯನ್ನು ಒದ್ದೆ ಮಾಡಿ ಅಂಚಿನ ಮೇಲೆ ಹಿಡಿದರೆ ಸಾಕು, ನುಣ್ಣಗೆ ದುಂಡಗಾಗುತ್ತದೆ. ಚೂಪು ಬಿಟ್ಟರೆ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಮೇಲಿನ ಲೇಪ) ಅಲ್ಲಿ ನಿಲ್ಲುವುದಿಲ್ಲ, ಬೇಗ ಚಕ್ಕೆ ಏಳುತ್ತದೆ.

ಹಿಡಿಗೆ ಕಪ್ಪಿಗಿಂತ ಜಾಸ್ತಿ ಹೊತ್ತು ಹೋಗುತ್ತದೆ. ಮಣ್ಣಿನ ಮೂಲಂಗಿಯಂಥ ಒಂದು ತುಂಡನ್ನು ಎಡಗೈಯಲ್ಲಿ ಹಿಡಿದು, ಒದ್ದೆ ಬಲಗೈಯಿಂದ ಕೆಳಕ್ಕೆ ನೀವುತ್ತಾ ಪಟ್ಟಿ ಎಳೆಯುತ್ತೇನೆ. ಅಂಟಿಸುವ ಹೊತ್ತಿಗೆ ಕಪ್ ಹದಕ್ಕೆ ಬಂದಿರಬೇಕು. ಉಗುರು ಒತ್ತಿದರೆ ಗುರುತು ಬೀಳಬೇಕು, ಎತ್ತಿದರೆ ಆಕಾರ ಕೆಡಬಾರದು. ಎರಡೂ ಕಡೆ ಗೀರು ಹಾಕಿ, ಅದೇ ಮಣ್ಣಿನ ರಾಡಿ ಹಚ್ಚಿ, ಒತ್ತಿ ಕೂರಿಸುವುದು. ಬೆರಳು ತೂರುವ ಜಾಗವೂ ಶೇ. 12 ಕುಗ್ಗುತ್ತದೆ ಅನ್ನುವುದನ್ನು ಮರೆಯಬಾರದು. ಹಸಿಯಲ್ಲಿ ಬೆರಳು ಸಡಿಲವಾಗಿ ಆಡಬೇಕು. ಹಿಡಿಯ ಮೇಲಿನ ತುದಿಯನ್ನು ಅಂಚಿಗೆ ತೀರಾ ಹತ್ತಿರ ಕೂರಿಸಿದರೆ ಹಿಡಿ ಅಂಚನ್ನು ಎಳೆದು ಬಾಯಿ ಮೊಟ್ಟೆಯಾಕಾರ ಆಗುತ್ತದೆ, ನಾನು ಒಂದು ಬೆರಳು ಕೆಳಗೆ ಹಾಕುತ್ತೇನೆ.

ಒಣಗಿಸುವುದು ಹವಾಮಾನ ನೋಡಿಕೊಂಡು. ಮಾರ್ಚ್, ಏಪ್ರಿಲ್‌ನಲ್ಲಿ ತೆಳ್ಳಗಿನ ಹಿಡಿ ಕಪ್ಪಿಗಿಂತ ಮೊದಲೇ ಒಣಗಿ ಕೂಡಿದ ಜಾಗದಲ್ಲಿ ಬಿಟ್ಟುಕೊಳ್ಳುತ್ತದೆ. ಆಗ ಪ್ಲಾಸ್ಟಿಕ್ ಹೊದಿಸಿ ಒಂದು ದಿನ ಇಡಬೇಕು. ಮಳೆಗಾಲದಲ್ಲಿ ಈ ತಲೆನೋವಿಲ್ಲ, ಆದರೆ ಒಣಗುವುದೇ ಇಲ್ಲ.

ಮೊದಲ ಸುಡುವಿಕೆ 1,000 ಡಿಗ್ರಿಗೆ. ನೂರು ಡಿಗ್ರಿ ದಾಟುವವರೆಗೆ ಆತುರ ಬೇಡ, ಒಳಗಿನ ತೇವ ಹಬೆಯಾಗಿ ಒಡೆದುಕೊಂಡು ಬರುತ್ತದೆ. 573 ಡಿಗ್ರಿ ಇನ್ನೊಂದು ಗಂಡಾಂತರ. ಅಲ್ಲಿ ಮಣ್ಣಿನಲ್ಲಿರುವ ಕ್ವಾರ್ಟ್ಜ್ ಹರಳಿನ ಜೋಡಣೆ ಬದಲಾಗಿ ತಟ್ಟನೆ ಹಿಗ್ಗುತ್ತದೆ. ಆರುವಾಗ ಅಲ್ಲೇ ಕುಗ್ಗುತ್ತದೆ. ಏರುವಾಗಲೂ ಇಳಿಯುವಾಗಲೂ ಆ ಆಸುಪಾಸು ನಿಧಾನ.

ಗ್ಲೇಜ್‌ಗೆ ಸ್ಟೋನ್‌ವೇರ್ ಮಾಡುವವರ ಹಳೆಯ 4-3-2-1 ಲೆಕ್ಕವನ್ನೇ ಇಟ್ಟುಕೊಂಡಿದ್ದೇನೆ: ಫೆಲ್ಡ್‌ಸ್ಪಾರ್ 40, ಸಿಲಿಕಾ 30, ಕ್ಯಾಲ್ಸಿಯಂ ಕಾರ್ಬೊನೇಟ್ 20, ಚೀನಿಮಣ್ಣು 10. ಇದಕ್ಕೆ ಎಂಟು ಪಾಲು ಕೆಂಪು ಐರನ್ ಆಕ್ಸೈಡ್ ಸೇರಿಸಿದರೆ ಕಡು ಕಂದು ಬರುತ್ತದೆ. ಅಂಚಿನಲ್ಲಿ ಗ್ಲೇಜ್ ತೆಳುವಾದ ಕಡೆ ತುಕ್ಕಿನ ಬಣ್ಣ. ಸೀಸ ಇರುವ ಗ್ಲೇಜನ್ನು ತಿನ್ನುವ ಕುಡಿಯುವ ಪಾತ್ರೆಗೆ ಮುಟ್ಟಿಸಲೂಬಾರದು. ಕಪ್ಪನ್ನು ಗ್ಲೇಜಿನಲ್ಲಿ ಅದ್ದಿ ಮೂರು ಎಣಿಸುವಷ್ಟರಲ್ಲಿ ತೆಗೆಯುತ್ತೇನೆ. ತಳ ಒರೆಸುವುದನ್ನು ಮರೆತರೆ ಕಪ್ ಕಿಲ್ನಿನ ಶೆಲ್ಫಿಗೆ ಅಂಟಿಕೊಂಡೇ ಉಳಿಯುತ್ತದೆ.

ಎರಡನೇ ಸುಡುವಿಕೆ 1,280 ಡಿಗ್ರಿ ಹತ್ತಿರಕ್ಕೆ. ಮೀಟರನ್ನು ಮಾತ್ರ ನಂಬುವುದಿಲ್ಲ, ಕಪ್ಪುಗಳ ಪಕ್ಕದಲ್ಲಿ ಕೋನ್ (ಸಾಕಷ್ಟು ಬಿಸಿ ತಗೊಂಡಾಗ ಮೆತ್ತಗಾಗಿ ಬಾಗುವ ಸಣ್ಣ ಚೂಪು ಗೂಟ) ನಿಲ್ಲಿಸುತ್ತೇನೆ. ಮೀಟರ್ ಆ ಕ್ಷಣದ ಬಿಸಿ ಹೇಳುತ್ತದೆ. ಎಷ್ಟು ಹೊತ್ತು ಎಷ್ಟು ಬಿಸಿ ತಗೊಂಡಿತು ಅನ್ನುವುದನ್ನು ಬಾಗಿದ ಕೋನ್ ಹೇಳುತ್ತದೆ. ನಡುವೆ ಕರೆಂಟ್ ಹೋದರೆ ಮುಚ್ಚಳ ತೆಗೆಯದೆ ಸುಮ್ನೆ ಕಾಯುವುದು. ಮುಗಿದ ಮೇಲೆ ನೂರು ಡಿಗ್ರಿ ಕೆಳಗೆ ಬರುವ ತನಕ ಮುಚ್ಚಳ ಮುಟ್ಟುವುದಿಲ್ಲ.

ಹೊರಗೆ ಬಂದ ಕಪ್ಪಿನ ತಳವನ್ನು ಉಜ್ಜುಕಾಗದದಲ್ಲಿ ತಿಕ್ಕಿ, ನೀರು ತುಂಬಿ, ಹಳೇ ಪೇಪರ್ ಮೇಲೆ ರಾತ್ರಿಯಿಡೀ ಇಡುತ್ತೇನೆ. ಇನ್ನೊಂದು ಕಪ್ಪಿನ ಒಳಗೆ ಒಂದು ಹೋಳು ನಿಂಬೆಹಣ್ಣು. ಬೆಳಿಗ್ಗೆ ಪೇಪರ್ ಒದ್ದೆ ಆಗಿದ್ದರೆ ಮಣ್ಣು ಪೂರ್ತಿ ಬೆಂದಿಲ್ಲ. ನಿಂಬೆ ಇದ್ದ ಜಾಗದಲ್ಲಿ ಬಣ್ಣ ಮಾಸಿದ್ದರೆ ಗ್ಲೇಜ್ ಸರಿಯಿಲ್ಲ. ಅಂಥವು ಮಾರಾಟಕ್ಕೆ ಹೋಗುವುದಿಲ್ಲ. ನೆಂಟರ ಮಕ್ಕಳಿಗೆಲ್ಲ ನನ್ನಿಂದ ಪೆನ್ ಸ್ಟ್ಯಾಂಡ್ ಉಡುಗೊರೆ.