ಹನ್ನೊಂದೂವರೆಯ ಕೆರೆ

ಒಂದು ವರ್ಷ ಪೂರ್ತಿ ನಾನು ಬೆಂಗಳೂರಿನ ಅಂಚಿನ ಒಂದು ಕೆರೆಯ ನೀರನ್ನು ತಪ್ಪು ಹೊತ್ತಿನಲ್ಲಿ ಅಳೆದೆ. ಬೇಕಂತ ಮಾಡಿದ್ದಲ್ಲ. ಟ್ರಾಫಿಕ್ ದಾಟಿ ಕೆರೆ ಏರಿ ತಲುಪುವಷ್ಟರಲ್ಲಿ ಹನ್ನೊಂದೂವರೆ ಆಗಿರುತ್ತಿತ್ತು. ಹರಿಗೋಲಿನಲ್ಲಿ ನಡುಕೆರೆಗೆ ಹೋಗಿ, ಬಾಟಲಿ ತುಂಬಿಕೊಂಡು, ಊಟದ ಹೊತ್ತಿಗೆ ಲ್ಯಾಬಿಗೆ ವಾಪಸ್.

ನೋಡುತ್ತಿದ್ದದ್ದು ನೀರಿನಲ್ಲಿ ಕರಗಿದ ಆಕ್ಸಿಜನ್. ಹೆಚ್ಚುಕಮ್ಮಿ ಪ್ರತಿ ಸಲವೂ ಲೀಟರಿಗೆ 10 ಮಿಲಿಗ್ರಾಂಗಿಂತ ಜಾಸ್ತಿ. ಮೀನು ಸಾಕುವ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೇಳುವುದು ಕನಿಷ್ಠ 4. ಖುಷಿಪಟ್ಟೆ. ಆದರೆ ಅನುಮಾನ ಬರಬೇಕಿತ್ತು, ಅಲ್ವಾ? 25 ಡಿಗ್ರಿಯ ನೀರು ಗಾಳಿಯಿಂದ ಹೀರಿಕೊಳ್ಳುವುದು ಸಮುದ್ರಮಟ್ಟದಲ್ಲೇ 8ರ ಆಸುಪಾಸು. ಬೆಂಗಳೂರಿನ ಎತ್ತರಕ್ಕೆ ಇನ್ನೂ ಕಮ್ಮಿ. ಕೊಳಚೆ ಸೇರುವ ಕೆರೆಗೆ 10 ಎಲ್ಲಿಂದ ಬರಬೇಕು?

ಏಪ್ರಿಲ್‌ನಲ್ಲಿ ಒಂದು ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ಹೋದರೆ ದಡದುದ್ದಕ್ಕೂ ಸತ್ತ ಮೀನು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ತೇಲಿದ ಮೀನುಗಳ ಚಿತ್ರ ನೆನಪಾಯಿತು. ಯಾರೋ ವಿಷ ಹಾಕಿದ್ದಾರೆ ಅಂತ ಜನ ಮಾತಾಡುತ್ತಿದ್ದರು. ಮೀನು ಗುತ್ತಿಗೆ ಹಿಡಿದವರು ಮಾತ್ರ ನನ್ನ ಮೇಲೆ ಸಿಟ್ಟಾದರು. "ನೀವು ಬರೋದು ಬಿಸಿಲೇರಿದ ಮೇಲೆ. ಕೋಳಿ ಕೂಗೋ ಹೊತ್ತಿಗೆ ಬನ್ನಿ, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿರ್ತವೆ."

ಸರಿ, ಒಂದು ರಾತ್ರಿ ಏರಿ ಮೇಲೆಯೇ ಕೂತೆ. ಮೀಟರ್ ನಂಬಲಿಲ್ಲ, ರಾಸಾಯನಿಕ ಹಾಕಿ ಆಕ್ಸಿಜನ್ ಅಳೆಯುವ ವಿಂಕ್ಲರ್ ವಿಧಾನ ಹಿಡಿದೆ. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕೊಟ್ಟದ್ದು, ಇವತ್ತಿಗೂ ಹಳತಾಗಿಲ್ಲ. 300 ಮಿಲಿಲೀಟರ್ ಬಾಟಲಿಯನ್ನು ಒಂದು ಗುಳ್ಳೆಯೂ ಇಲ್ಲದಂತೆ ತುಂಬಬೇಕು. ಗುಳ್ಳೆ ಉಳಿದರೆ ಅದರೊಳಗಿನ ಗಾಳಿಯೂ ಲೆಕ್ಕಕ್ಕೆ ಸೇರುತ್ತದೆ. ಮ್ಯಾಂಗನೀಸ್ ಸಲ್ಫೇಟ್ 2 ಮಿಲಿ, ಆಮೇಲೆ ಅಯೊಡೈಡ್, ಅಜೈಡ್ ಬೆರೆಸಿದ ಕ್ಷಾರ 2 ಮಿಲಿ. ಕೊಳಚೆಯಲ್ಲಿ ನೈಟ್ರೈಟ್ ಇರುತ್ತದೆ, ಅಜೈಡ್ ಹಾಕದಿದ್ದರೆ ಅದರಿಂದ ಲೆಕ್ಕ ಕೆಡುತ್ತದೆ. ಮುಚ್ಚಳ ಹಾಕಿ ತಲೆಕೆಳಗು ಮಾಡಿ ಅಲುಗಿಸಿದರೆ, ಆಕ್ಸಿಜನ್ ಇದ್ದಲ್ಲಿ ಕಂದು ಗಸಿ, ಇಲ್ಲದಿದ್ದರೆ ಬಿಳಿ. ಮುಂದೆ ಆಮ್ಲ, ಪಿಷ್ಟ, ಥಯೋಸಲ್ಫೇಟ್ ಹನಿ ಎಲ್ಲ ಇದೆ. ಆದರೆ ಅವತ್ತು ಗಸಿಯ ಬಣ್ಣವೇ ಎಲ್ಲ ಹೇಳಿಬಿಟ್ಟಿತು.

ಸಂಜೆ ಆರಕ್ಕೆ ಗಟ್ಟಿ ಡಿಕಾಕ್ಷನ್ ಬಣ್ಣ. ಒಂಬತ್ತಕ್ಕೂ ಕಂದೇ. ಹನ್ನೆರಡಕ್ಕೆ ಹಾಲು ಜಾಸ್ತಿಯಾದ ಕಾಫಿ. ಮೂರಕ್ಕೆ ಸೊಳ್ಳೆ ಹೊಡೆಯಲು ಹೋಗಿ ಬಾಟಲಿ ಒಡೆದೆ. ಐದೂವರೆಗೆ ಟಾರ್ಚ್ ಹಿಡಿದು ನೋಡಿದೆ, ಬರೀ ಹಾಲು. ನನ್ನದೇ ಎಡವಟ್ಟು ಅಂದುಕೊಂಡು ಇನ್ನೊಂದು ಬಾಟಲಿ ತುಂಬಿದೆ. ಅದೂ ಬಿಳಿ. ಅಷ್ಟರಲ್ಲಿ ಹರಿಗೋಲಿನ ಸುತ್ತ ಪುಳಕ್ ಪುಳಕ್ ಸದ್ದು. ಕಾಟ್ಲಾ, ರೋಹು ಎಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು.

ಕೊಳಚೆಯ ಸಾರಜನಕ, ರಂಜಕ ತಿಂದು ಪಾಚಿ ಕೊಬ್ಬಿರುತ್ತದೆ. ಬಿಸಿಲಿದ್ದಾಗ ಅದೇ ಆಕ್ಸಿಜನ್ ಬಿಡುತ್ತದೆ, ನನ್ನ 10 ಬಂದದ್ದು ಅಲ್ಲಿಂದ. ರಾತ್ರಿ ಪಾಚಿ, ಬ್ಯಾಕ್ಟೀರಿಯಾ, ಮೀನು ಎಲ್ಲವೂ ಅದನ್ನೇ ಉಸಿರಾಡಿ ಖಾಲಿ ಮಾಡುತ್ತವೆ. ಮೋಡ ಕವಿದ ದಿನ ಸಂಪಾದನೆಯೇ ಕಮ್ಮಿ. ಅದರ ಮೇಲೆ ಮಳೆ ಬಂದು ರಾಜಕಾಲುವೆಯ ಕೊಳಕು ನುಗ್ಗಿ, ತಳದ ಕೆಸರು ಕದಡಿದರೆ ಇದ್ದಬದ್ದದ್ದೂ ಹೋಯಿತು. ಮೀನು ಸಾಯಲು ಬೇರೆ ವಿಷ ಬೇಕಿಲ್ಲ.

ಹಾಗಂತ ಮಧ್ಯಾಹ್ನ ಸುಖವೇನಲ್ಲ. ಪಾಚಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಂತೆ ನೀರಿನ ಪಿಹೆಚ್, ಅಂದರೆ ಕ್ಷಾರದ ಅಳತೆ, ಏರುತ್ತದೆ. ಕೊಳಚೆಯ ಅಮೋನಿಯಾದಲ್ಲಿ ಮೀನಿಗೆ ವಿಷವಾಗುವ ಪಾಲು ಪಿಹೆಚ್ 7ರಲ್ಲಿ ನೂರಕ್ಕೆ ಒಂದೂ ಇರುವುದಿಲ್ಲ. 9ಕ್ಕೆ ಹೋದರೆ ಮೂರನೇ ಒಂದು ಭಾಗ ದಾಟುತ್ತದೆ.

ಈಗ ಪ್ರತಿ ಸಲವೂ ಎರಡು ಹೊತ್ತು ಹೋಗುತ್ತೇನೆ, ಸೂರ್ಯ ಹುಟ್ಟುವ ಮೊದಲು ಮತ್ತು ಮಧ್ಯಾಹ್ನ ಮೂರಕ್ಕೆ. ನಾಲ್ಕಕ್ಕೆ ಎದ್ದರೆ ಟ್ರಾಫಿಕ್ ಇರುವುದಿಲ್ಲ, ಅದೊಂದು ಲಾಭ. ಹಳೆಯ ವರ್ಷದ ಹಾಳೆಗಳಲ್ಲಿ ಬರೀ ದಿನಾಂಕ ಇದೆ, ಗಂಟೆ ಬರೆದೇ ಇಲ್ಲ. ಫೋನಿನ ಫೋಟೋ, ಪೆಟ್ರೋಲ್ ಬಿಲ್ ನೋಡಿ ಒಂದೊಂದಕ್ಕೂ ಹೊತ್ತು ಹುಡುಕಿ ತುಂಬುತ್ತಿದ್ದೇನೆ. ಇನ್ನೂ ಏಳು ಹಾಳೆ ಬಾಕಿ.