ಪ್ಲಾಟ್ ಕೊಳ್ಳುವ ಮುಂಚೆ ಕಾಕಾನನ್ನು ಏನು ಕೇಳಬೇಕು

ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಟೀಚರ್. ಸೇಡಂ ರಸ್ತೆ ಕಡೆ ಮೊದಲ ಪ್ಲಾಟಿಗೆ ಐವತ್ತು ಸಾವಿರ ಇಸಾರ (ಮುಂಗಡ) ಕೊಟ್ಟೆ, ಅದೂ ನಗದು. ಜಮೀನು ಪಿತ್ರಾರ್ಜಿತದ್ದು, ಮಾರುವವನ ಇಬ್ಬರು ಅಕ್ಕಂದಿರು ಸಹಿ ಹಾಕಲು ಒಪ್ಪಿಲ್ಲ ಅಂತ ಆಮೇಲೆ ಗೊತ್ತಾಯಿತು. ದುಡ್ಡು ವಾಪಸ್ ಬರಲು ಎಂಟು ತಿಂಗಳು ಬೇಕಾಯಿತು. ಆ ಎಂಟು ತಿಂಗಳು ನಾನು ನಮ್ಮ ಓಣಿಯ ಕಾಕಾ ಒಬ್ಬರ ಕಟ್ಟೆ ಹತ್ತಿದೆ. ಮೂವತ್ತು ವರ್ಷ ಆಸ್ತಿ ಪತ್ರ ಬರೆದವರು ಅವರು.

ಹೊಸಬರು ಹಿರಿಯರನ್ನು ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ತಗೊಂಡರೆ ರೇಟ್ ಏರುತ್ತದೆ? 2019ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅದಕ್ಕೆ ಚಹಾ ಅಂಗಡಿಯಲ್ಲೂ ಉತ್ತರ ಸಿಗುತ್ತದೆ. ನೀವು ಹೀಗೆ ಕೇಳಿ: "ಕಾಕಾ, ನೀವು ನೋಡಿ ಬಿಟ್ಟ ಜಾಗ ಯಾವುದು? ಯಾಕ ಬಿಟ್ರಿ?"

ಕಾಕಾ ಬಿಟ್ಟ ಒಂದು ಹೊಲದ ಇಸಿ (ನೋಂದಣಿಯಾದ ವ್ಯವಹಾರ, ಸಾಲ ತೋರಿಸುವ ಋಣಭಾರ ಪತ್ರ) ಚೊಕ್ಕ ಇತ್ತಂತೆ. ಆದರೂ ಪಕ್ಕದ ಹೊಲದವರನ್ನು ಹೋಗಿ ಮಾತಾಡಿಸಿದರು. ಮಾರುವವರು ಆ ಹೊಲದ ಮೇಲೆ ಆಗಲೇ ಇನ್ನೊಬ್ಬರ ಹತ್ತಿರ ಇಸಾರ ತಗೊಂಡಿದ್ದರು ಅಂತ ಅಲ್ಲಿ ಗೊತ್ತಾಯಿತು. ನೋಂದಣಿಯಾಗದ ಕರಾರು ಇಸಿಯಲ್ಲಿ ಕಾಣುವುದಿಲ್ಲ. ಇನ್ನೊಂದು, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಮೂರನೆಯದರ ಮೂಲ ಕಾಗದ ನಿಜಾಮರ ಕಾಲದ್ದು, ಉರ್ದುವಿನಲ್ಲಿತ್ತು. ಓದಿಸಿ ನೋಡಿದರೆ ಚಕ್ಕುಬಂದಿಯೇ (ನಾಲ್ಕೂ ದಿಕ್ಕಿನ ಗಡಿ) ಬೇರೆ! ನಮ್ಮ ಭಾಗದಲ್ಲಿ ಉರ್ದು ಓದುವ ಒಬ್ಬ ಹಿರಿಯರ ಪರಿಚಯ ಇರಲೇಬೇಕು ಅಂತ ನನಗೆ ಅವತ್ತೇ ಅನಿಸಿತು.

ನನ್ನ ಇಸಾರದ ಕಥೆ ಕೇಳಿ ಕಾಕಾ ನಕ್ಕರು. "ತಂಗಿ, ಹೆಣ್ಣಮಕ್ಕಳ ಸಹಿ ಎಲ್ಲಿ ಅಂತ ಹೆಣ್ಣಮಗಳಾಗಿ ನೀನೇ ಕೇಳಲಿಲ್ಲಲ್ಲ!" ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಅದಕ್ಕೇ ವಂಶಾವಳಿ ಮೊದಲು ನೋಡಬೇಕು. ಜಾಗದ ಮುಂಗಡ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನಗದಾಗಿ ತೆಗೆದುಕೊಳ್ಳುವಂತಿಲ್ಲ ಅನ್ನುವುದೂ ನನಗೆ ಆಗಲೇ ತಿಳಿದದ್ದು.

ಎರಡನೇ ಗುರು ಮನೆ ಕಟ್ಟುವ ಗೌಂಡಿ. ಇವರನ್ನು ಯಾರೂ ಕೇಳುವುದೇ ಇಲ್ಲ. ನನ್ನನ್ನು ಮಳೆ ಬಂದ ಮರುದಿನ ಜಾಗಕ್ಕೆ ಕರೆದೊಯ್ದರು. ಚಪ್ಪಲಿ ಎರಿ ಮಣ್ಣಲ್ಲೇ ಉಳಿಯಿತು. "ಈ ಮಣ್ಣು ಮಳಿಗಾಲದಾಗ ಉಬ್ಬತದ, ಬ್ಯಾಸಿಗ್ಯಾಗ ಬಿರಿತದ. ಪಾಯಾಕ್ಕ ರೊಕ್ಕ ಜಾಸ್ತಿ ಹಿಡಿರಿ" ಅಂದರು. ಅಗ್ಗದ ಪ್ಲಾಟ್ ಯಾಕೆ ಅಗ್ಗ ಅಂತ ಆಗ ಅರ್ಥವಾಯಿತು.

ದಲಾಲರೂ ಕಲಿಸುತ್ತಾರೆ, ಸುಮ್ನೆ ದೂರಬೇಡಿ. ಆದರೆ ವ್ಯವಹಾರ ಮುಗಿದರೆ ಅವರಿಗೆ ದಲಾಲಿ ಸಿಗುತ್ತದೆ ಅನ್ನುವುದು ತಲೆಯಲ್ಲಿರಲಿ. ರೇಟ್ ಅವರನ್ನು ಕೇಳಿ, ತಕರಾರು ಬೇರೆಯವರನ್ನು ಕೇಳಿ. "ಗುಂಟಾ ಲೆಕ್ಕದಾಗ ತಗೋರಿ, ಎನ್ಎ ಆಮೇಲೆ ಆಗ್ತದ" ಅಂದರೆ ಅಲ್ಲಿಗೇ ನಮಸ್ಕಾರ ಹೇಳಿ. ಎನ್ಎ ಅಂದರೆ ಹೊಲವನ್ನು ಕೃಷಿಯೇತರ ಮಾಡಿಸುವುದು. ಲೇಔಟ್ ಮಂಜೂರಾಗಿದ್ದರೆ ನಕ್ಷೆ ಕೇಳಿ. ಲೇಔಟ್ 500 ಚದರ ಮೀಟರಿಗಿಂತ ದೊಡ್ಡದಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರೂ ಬೇಕು.

ಹಿರಿಯರ ಹತ್ತಿರ ಬೆಳಿಗ್ಗೆಯೇ ಹೋಗಿ. ಸುಸಲಾ, ಮಿರ್ಚಿ ಕಟ್ಟಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು. ಉತಾರ (ಪಹಣಿ), ಇಸಿ ಎಲ್ಲಾ ಝೆರಾಕ್ಸ್ ಮಾಡಿಸಿ ಒಯ್ಯಿರಿ. ನಾನು ಒಮ್ಮೆ ಫೋನಿನಲ್ಲಿ ತೋರಿಸಲು ಹೋದೆ. ಕಾಕಾ ಕನ್ನಡಕ ತೆಗೆದಿಟ್ಟು, ಮಿರ್ಚಿ ತಿನ್ನುತ್ತಾ ಕೂತುಬಿಟ್ಟರು.